ಸಿಲೋನಿಗೆ ಹೋದ ಕಳ್ಳಜೇಬು

ಕಂಟೋನ್ಮೆಂಟ್ ಸ್ಟೇಷನ್

ನಾನು ಕಂಡ ಪರದೇಶ ಒಂದೇ, ಅದೂ ಅಷ್ಟೇನೂ ದೂರದ್ದಲ್ಲ. ಅಲ್ಲಿಂದ ಬರುವ ಹಾಡುಗಳು ನಮ್ಮ ಅಡುಗೆಮನೆಯ ರೇಡಿಯೋದಲ್ಲಿ ದಿನಾ ಕೇಳುತ್ತಿದ್ದವು. ಆದರೂ ಸಿಲೋನಿಗೆ ಹೋಗಲು ಪಾಸ್‌ಪೋರ್ಟ್ ಬೇಕು, ಸಿಡುಬಿನ ಚುಚ್ಚುಮದ್ದು ಬೇಕು, ಸಮುದ್ರ ದಾಟಬೇಕು. ಇಷ್ಟೆಲ್ಲ ಇದ್ದಮೇಲೆ ಅದು ಪರದೇಶವೇ ಸೈ ಎಂದು ನಮ್ಮ ಕ್ವಾರ್ಟರ್ಸಿನ ಹೆಂಗಸರೆಲ್ಲ ಒಪ್ಪಿಕೊಂಡು, ನನಗೊಂದು ಮೊಳ ಮಲ್ಲಿಗೆ ಮುಡಿಸಿ ಕಳಿಸಿದರು.

ಜನ ಪರದೇಶಕ್ಕೆ ಹೋಗುವುದು ಏನಾದರೂ ತರಲಿಕ್ಕೆ. ನಮ್ಮವರು ಹೊರಟದ್ದು ಕೊಟ್ಟುಬರಲಿಕ್ಕೆ. ನಮ್ಮವರೆಂದರೆ ನನ್ನ ಗಂಡ ಗೋಪಾಲರಾಯರು. ಹಗಲು ಕೃಷ್ಣರಾಜಪುರದ ಹತ್ತಿರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಸಂಜೆ ಜಾದೂಗಾರ. ಹಲಸೂರಿನಲ್ಲಿ ಹುಡುಗನಾಗಿದ್ದಾಗ ಪಕ್ಕದ ಮನೆಯ ಸೆಲ್ವರಾಜನ ಜೊತೆ ಸೇರಿ ಕಲಿತ ವಿದ್ಯೆ. ಸೆಲ್ವರಾಜ ಆಮೇಲೆ ಕೊಲಂಬೊದಲ್ಲಿ ಚಹಾ ಕಂಪನಿಯ ಗುಮಾಸ್ತನಾದ. ಇವರು ಮಾತ್ರ ಬಿಡದೆ ಬೆಳೆಸಿಕೊಂಡು ಬಂದರು. ಫ್ಯಾಕ್ಟರಿಯ ವಾರ್ಷಿಕೋತ್ಸವದಲ್ಲಿ ಇವರ ಜಾದೂ ಇಲ್ಲದ ವರ್ಷವೇ ಇರಲಿಲ್ಲ.

ಅದಕ್ಕಾಗಿ ಮೊಣಕಾಲಿನವರೆಗೆ ಇಳಿಬೀಳುವ ಒಂದು ಕರಿ ಕೋಟು ಇತ್ತು. ಹೊಲಿದವರು ಶಿವಾಜಿನಗರದ ಖಾದರ್ ಸಾಬರು. ಕೋಟಿನ ಹಿಂದೆ, ಬಾಲದ ಒಳಗೆ, ಯಾರಿಗೂ ಕಾಣದ ಒಂದು ಜೇಬು. ಬಿಳಿ ಚೆಂಡನ್ನು ಬಲಗೈಯಿಂದ ಎಡಗೈಗೆ ದಾಟಿಸಿದ ಹಾಗೆ ಮಾಡಿ, ಜನ ಎಡಗೈ ನೋಡುತ್ತಿರುವಾಗ ಬಲಗೈ ಚೆಂಡನ್ನು ಆ ಜೇಬಿಗೆ ಇಳಿಸಬೇಕು. "ಕ್ಯಾ ಜೀ, ಎಲ್ರೂ ಜೇಬು ಚೆಂದಾಗಿ ಕಾಣೋ ಹಂಗೆ ಹೊಲಿ ಅಂತಾರೆ, ನೀವೊಬ್ರೇ ಕಾಣ್ದಂಗೆ ಹೊಲಿ ಅಂತೀರಿ," ಎಂದು ಸಾಬರು ನಕ್ಕಿದ್ದರು. ಮನೆಯಲ್ಲಿ ಅದಕ್ಕೆ ನಾವು ಕಳ್ಳಜೇಬು ಎಂದು ಹೆಸರಿಟ್ಟೆವು.

ಚೆಂಡು ವಿದೇಶದ್ದು. ನಮ್ಮ ಸಿಮೆಂಟ್ ನೆಲಕ್ಕೆ ಬಿದ್ದರೆ ಚಕ್ಕೆ ಏಳುತ್ತದೆಂದು ಇವರಿಗೆ ಜೀವಭಯ. ಆದ್ದರಿಂದ ಅಭ್ಯಾಸಕ್ಕೆ ನನ್ನ ರವೆ ಉಂಡೆ! ಚೆಂಡನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಗಾತ್ರಕ್ಕೆ ಕಟ್ಟಿಕೊಡುತ್ತಿದ್ದೆ. ಸಂಜೆ ಕೋಟು ತೊಟ್ಟು, ನಡುಮನೆಯಲ್ಲಿ ನಿಂತು, ಉಂಡೆಯನ್ನು ಮಾಯ ಮಾಡುವುದು. ಎದುರಿಗೆ ಪ್ರೇಕ್ಷಕ ಒಬ್ಬನೇ, ಕ್ವಾರ್ಟರ್ಸಿನ ನಾಯಿ ರಾಜ. ಅಭ್ಯಾಸ ಮುಗಿದ ಮೇಲೆ ಜೇಬಿನಿಂದ ತೆಗೆದ ಉಂಡೆ ಅವನಿಗೆ.

ಕಳೆದ ವಾರ್ಷಿಕೋತ್ಸವದಲ್ಲಿ ಏನಾಯಿತೆಂದರೆ, ಇವರು ತುಂಬಿದ ಸಭೆಯ ಮುಂದೆ ಚೆಂಡನ್ನು ಮಾಯ ಮಾಡಿದ್ದೇ ತಡ, ರಾಜ ಎಲ್ಲಿಂದಲೋ ವೇದಿಕೆ ಹತ್ತಿ, ನೇರವಾಗಿ ಇವರ ಹಿಂದೆ ಹೋಗಿ, ಕೋಟಿನ ಬಾಲಕ್ಕೆ ಮೂತಿ ತೂರಿಸಿ ನಿಂತ. ಚೆಂಡು ಕೆಳಗೆ ಬಿದ್ದು ಉರುಳಿತು. ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಫ್ಯಾಕ್ಟರಿಯಲ್ಲಿ ಇವರನ್ನು ಕಂಡವರೆಲ್ಲ ಬೆನ್ನ ಹಿಂದೆ ಇಣುಕಿ ನೋಡುವವರೇ. ಇವರು ಕೋಟು ಬಿಚ್ಚಿಟ್ಟರು. ರಾಜನನ್ನು ಮೆಟ್ಟಿಲ ಬಳಿಯೂ ಸೇರಿಸಲಿಲ್ಲ. ಮನೆಯಲ್ಲಿ ರವೆ ಉಂಡೆಯ ಮಾತೆತ್ತುವಂತಿರಲಿಲ್ಲ.

"ನಾಯಿ ಕಣ್ಣಿಗೇ ಕಾಣಿಸ್ತು ಅಂದ್ರೆ ನನ್ ಕೈ ಹೋಯ್ತು ಅಂತ ಕಣೇ ಸರೋಜಾ. ಸೆಲ್ವರಾಜ ಅಲ್ಲಿ ನಮ್ಮೂರಿನವರಿಗೆ ಒಂದು ಶೋ ಇಟ್ಕೋಬೇಕು ಅಂತಿದಾನೆ. ಕೋಟು, ಜಾದೂ ಪೆಟ್ಟಿಗೆ ಎಲ್ಲಾ ಅವನಿಗೇ ಕೊಟ್ಬಿಟ್ಟು ಬರ್ತೀನಿ," ಎಂದರು.

ವಾರ್ಷಿಕೋತ್ಸವ ನಡೆಸುವ ಫ್ಯಾಕ್ಟರಿ ಕ್ಲಬ್ಬಿನ ಕಾರ್ಯದರ್ಶಿ ಮಾತ್ರ, "ಈ ಸಲದ್ದು ಈಗಲೇ ಬೇಡ ಅನ್ಬೇಡಿ ರಾಯರೇ, ವಾಪಸ್ ಬಂದು ಹೇಳಿ," ಎಂದಿದ್ದರು. ಆ ಒಂದು ಎಳೆ ಹಿಡಿದುಕೊಂಡು ನಾನೂ ಹೊರಟೆ. ಕೋಟು ಸಿಲೋನಿನಲ್ಲಿ ಉಳಿದರೆ ಇವರ ಅರ್ಧ ಜೀವವೂ ಅಲ್ಲೇ ಉಳಿಯುತ್ತದೆಂದು ನನಗೆ ಗೊತ್ತಿತ್ತು.

ಬಸ್ಸಿನಲ್ಲಿ ಹಳೇ ಮದರಾಸು ರಸ್ತೆಯುದ್ದಕ್ಕೂ ಕುಲುಕಾಡಿಕೊಂಡು ಕಂಟೋನ್ಮೆಂಟಿಗೆ ಹೋಗಿ ಮದರಾಸಿನ ರೈಲು ಹತ್ತಿದೆವು. ಆ ರೈಲು ಬೈಯಪ್ಪನಹಳ್ಳಿ ದಾಟಿ ಮತ್ತೆ ನಮ್ಮ ಕೃಷ್ಣರಾಜಪುರದ ಮೇಲೇ ಹೋಯಿತು. ಬಿಟ್ಟುಬಂದ ಕ್ವಾರ್ಟರ್ಸು ಕಿಟಕಿಯಲ್ಲಿ ಹಾದುಹೋಗುವಾಗ ಬೇಲಿಯ ಹತ್ತಿರ ರಾಜ ನಿಂತಿದ್ದ. ಇವರು ನೋಡಿ, ಕಿಟಕಿ ಇಳಿಸಿಬಿಟ್ಟರು.

ರಾಮೇಶ್ವರದ ಕಟ್ಟೆ

ಹಡಗು ಹತ್ತುವ ಮೊದಲು ಸುಂಕದ ಅಧಿಕಾರಿ ಪೆಟ್ಟಿಗೆ ತೆಗೆಸಿದ. ತೆಗೆದರೆ ಖಾಲಿ. ಖಾಲಿ ಪೆಟ್ಟಿಗೆ ಇಷ್ಟು ಭಾರವೇಕೆ ಎಂದು ಅಲ್ಲಾಡಿಸಿದ. ಒಳಗೆ ಏನೋ ಸದ್ದಾಯಿತು. ಜಾದೂ ಪೆಟ್ಟಿಗೆಗೆ ಎರಡು ತಳ ಇರುವುದು ಸಹಜ. ಸುಂಕದವರ ಮುಂದೆ ಎರಡು ತಳದ ಪೆಟ್ಟಿಗೆ ಇಡುವುದು ಎಷ್ಟು ಅಸಹಜವೆಂದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ.

"ಇದರಲ್ಲಿ ಎಷ್ಟು ಚಿನ್ನ ಸಾಗಿಸ್ತೀರಿ?" ಎಂದು ತಮಿಳಿನಲ್ಲಿ ಕೇಳಿದ.

ಇವರಿಗೆ ಬೆವರಿಳಿಯಿತು. ಹಲಸೂರಿನ ತಮಿಳು ನನಗೂ ಬರುತ್ತದಲ್ಲ, ನಾನೇ ಮುಂದೆ ಬಂದೆ. "ಇವರು ಜಾದೂಗಾರರು ಸಾರ್, ಬೇಕಾದ್ರೆ ಮಾಡಿ ತೋರಿಸ್ತಾರೆ," ಎಂದೆ. ಇವರು ತಲೆ ತಗ್ಗಿಸಿ, "ಆಗಿದ್ದೆ. ಈಗ ಅಲ್ಲ," ಎಂದುಬಿಟ್ಟರು! ಅಂಥ ಹೊತ್ತಿನಲ್ಲೂ ಸತ್ಯ ಹೇಳುವ ಗಂಡನನ್ನು ಕಟ್ಟಿಕೊಂಡರೆ ಹೀಗೇ ಆಗುವುದು. ಎರಡನೇ ತಳದಿಂದ ಗಂಟು ಹಾಕಿದ ಬಣ್ಣದ ಕರವಸ್ತ್ರಗಳು ಒಂದರ ಹಿಂದೊಂದು ಬಂದವು. ಅಧಿಕಾರಿ ಎಳೆಯುತ್ತಲೇ ಇದ್ದ, ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಕೊನೆಗೆ ಅವನೂ ನಕ್ಕು, ಪೆಟ್ಟಿಗೆಯನ್ನು ಮಾತ್ರ ಇಟ್ಟುಕೊಂಡು, ವಾಪಸಾಗುವಾಗ ತೆಗೆದುಕೊಂಡು ಹೋಗಿ ಎಂದ. ಹೀಗೆ ಕೊಡಲು ಒಯ್ದದ್ದರಲ್ಲಿ ಕೋಟು, ಚೆಂಡು, ಕರವಸ್ತ್ರಗಳಷ್ಟೇ ಉಳಿದವು.

ಹಡಗಿನ ಮೇಲೆ

ಹಡಗಿನ ಕಟಾಂಜನದ ಕಂಬಿಯ ಮೇಲೆ ಒಂದು ಕಾಗೆ ಟಿಕೆಟ್ಟಿಲ್ಲದೆ ನಮ್ಮ ಜೊತೆಗೇ ಬರುತ್ತಿತ್ತು. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ. ಇವರು ಸಮುದ್ರ ನೋಡುತ್ತ ನನ್ನ ಕೈಯಿಂದ ಒಂದು ಬೀಜ ತೆಗೆದುಕೊಂಡು, ಬಲಗೈಯಿಂದ ಎಡಗೈಗೆ ದಾಟಿಸುವ ಆ ಹಳೇ ಆಟವನ್ನು ತಮಗೇ ಗೊತ್ತಿಲ್ಲದೆ ಆಡಿಬಿಟ್ಟರು. ಎಷ್ಟೋ ತಿಂಗಳ ಮೇಲೆ! ನಾನು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನೋಡಿದೆ.

ಕಾಗೆ ಕತ್ತು ಓರೆ ಮಾಡಿ ನೋಡಿತು. ಇವರು ಖಾಲಿ ಎಡ ಮುಷ್ಟಿಯನ್ನು ಮುಂದೆ ಚಾಚಿದರು, ಅದರತ್ತ ಊದಿದರು, ಕಣ್ಣರಳಿಸಿ ಅದನ್ನೇ ದಿಟ್ಟಿಸಿದರು. ಜನರಾದರೆ ಅಷ್ಟಕ್ಕೆ ಸಾಕು. ಕಾಗೆಗೆ ಆ ನಾಟಕದ ಪರಿವೆಯೇ ಇಲ್ಲ. ಬೀಜ ಕೊನೆಗೆ ಕಂಡದ್ದು ಬಲಗೈಯಲ್ಲಿ, ಆದ್ದರಿಂದ ಅದು ಬಲಗೈಯ ಹತ್ತಿರಕ್ಕೇ ಕುಪ್ಪಳಿಸಿ ಬಂದು "ಕಾ" ಎಂದಿತು. ಮತ್ತೊಮ್ಮೆ ಮಾಡಿದರು. ಮತ್ತೆ ಬಲಗೈ.

"ನೋಡ್ದ್ಯಾ?" ಎಂದು ಇವರು ಬೀಜವನ್ನು ಅದಕ್ಕೇ ಎಸೆದರು. "ನಾಯಿ ಆಯ್ತು. ಈಗ ಕಾಗೆ."

ನನಗೆ ಆ ಕಾಗೆಯನ್ನು ಛತ್ರಿಯಿಂದ ಹೊಡೆದೋಡಿಸುವಷ್ಟು ಸಿಟ್ಟು ಬಂತು.

ಕೊಲಂಬೊ

ಹಡಗಿಳಿದು ರೈಲು ಹಿಡಿದು ಹೋದರೆ, ಸೆಲ್ವರಾಜ ಸ್ಟೇಷನ್ನಿನಲ್ಲೇ ಇವರನ್ನು ತಬ್ಬಿ ಎತ್ತಿಬಿಟ್ಟ. "ಏನ್ ಗುರು, ಒಣಗಿಹೋಗಿದೀಯ! ಸಿಸ್ಟರ್, ನೀವು ಇವನಿಗೆ ಊಟ ಹಾಕ್ತಿಲ್ವಾ?" ಎಂದ. ಅವನು ಮಾತ್ರ ಚೆನ್ನಾಗಿ ಊಟ ಮಾಡುತ್ತಿದ್ದಾನೆಂದು ನೋಡಿದರೇ ತಿಳಿಯುತ್ತಿತ್ತು. ಆ ಊರಿನಲ್ಲಿ ಸಾರಿಗೂ ತೆಂಗಿನ ಹಾಲು, ಪಲ್ಯಕ್ಕೂ ತೆಂಗಿನ ಹಾಲು. ಚಹಾದಲ್ಲಿ ಮಾತ್ರ ಹಾಲಿಲ್ಲ, ಸಕ್ಕರೆಯೂ ಇಲ್ಲ. ಬೆಲ್ಲದ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡು, ಒಂದು ಕಚ್ಚು ಬೆಲ್ಲ, ಒಂದು ಗುಟುಕು ಕರಿ ಚಹಾ. ನನಗೆ ಬಹಳ ಹಿಡಿಸಿತು. ಈಗಲೂ ಯಾರೂ ಇಲ್ಲದಾಗ ಹಾಗೆ ಕುಡಿಯುತ್ತೇನೆ.

ಶೋ ಭಾನುವಾರ ಎಂದು ಇವರೇ ಕಾಗದ ಬರೆದು ಗೊತ್ತು ಮಾಡಿದ್ದರು. ಭಾನುವಾರ ಬೆಳಗ್ಗೆ ನೋಡಿದರೆ ಸೆಲ್ವರಾಜ ಶರಾಯಿ ಹಾಕಿಕೊಂಡು ಆಫೀಸಿಗೆ ಹೊರಟಿದ್ದಾನೆ! ಆ ದೇಶದಲ್ಲಿ ಆಗ ವಾರದ ರಜೆ ಭಾನುವಾರಕ್ಕಲ್ಲ, ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿಗಳಿಗೆ. ಪಂಚಾಂಗ ನೋಡಿ ಆಫೀಸು ಮುಚ್ಚುವ ಸರ್ಕಾರ ಇದೆಯೆಂದು ತಿಳಿದಿದ್ದರೆ ನಮ್ಮತ್ತೆ ಅಲ್ಲೇ ಮನೆ ಮಾಡಿಸುತ್ತಿದ್ದರು. "ಲೆಟರ್‌ನಲ್ಲಿ ನೀನು ಸಂಡೇ ಅಂತ ಬರ್ದಿದ್ದೆ ಅಲ್ವಾ, ನಾನು ಬೆಂಗಳೂರು ಜ್ಞಾಪಕದಲ್ಲಿ ಓಕೆ ಅಂದ್ಬಿಟ್ಟೆ ಮಗಾ," ಎಂದು ಸೆಲ್ವರಾಜ ಹಣೆ ಚಚ್ಚಿಕೊಂಡ. ಶೋ ಹುಣ್ಣಿಮೆಗೆ ಹೋಯಿತು.

ಇವರು ಕೋಟನ್ನು ಅವನಿಗೆ ತೊಡಿಸಿ ನೋಡಿದರು. ಗುಂಡಿ ಗುಂಡಿಗೆ ಭೇಟಿಯಾಗಲಿಲ್ಲ. ಚೆಂಡು ಕೊಟ್ಟರೆ ಮೊದಲ ಸಲಕ್ಕೇ ಜಾರಿ ಮಂಚದ ಕೆಳಗೆ ಹೋಯಿತು. "ಟೈಲರ್ ಹತ್ರ ಬಿಚ್ಚಿಸ್ಕೊಂಡ್ರೆ ಆಗುತ್ತೆ ಬಿಡು. ಆದ್ರೆ ಈ ಹುಣ್ಣಿಮೆಗೆ ನೀನೇ ಮಾಡ್ಬೇಕು," ಎಂದ ಸೆಲ್ವರಾಜ.

"ನನ್ ಕೈಲಿ ಆಗಲ್ಲಪ್ಪ," ಎಂದರು ಇವರು.

ಸೆಲ್ವರಾಜ ನನ್ನ ಮುಖ ನೋಡಿದ. ಹುಣ್ಣಿಮೆಗೆ ಇನ್ನೂ ದಿನಗಳಿದ್ದವು. ಅಲ್ಲಿಯವರೆಗೆ ಕ್ಯಾಂಡಿ ನೋಡಿಕೊಂಡು ಬನ್ನಿ ಎಂದು ನಮ್ಮಿಬ್ಬರನ್ನೂ ಸಾಗಹಾಕಿದ.

ಕ್ಯಾಂಡಿ, ಕೆರೆಯ ಕಾಡು

ಕ್ಯಾಂಡಿ ಬೆಟ್ಟದೂರು, ಚಳಿ ಎಂದು ಯಾರೋ ಹೆದರಿಸಿದ್ದರು. ಇವರ ಹತ್ತಿರ ಇದ್ದ ಕೋಟು ಅದೊಂದೇ. ಅದನ್ನೇ ತೊಟ್ಟರು. ಅಲ್ಲಿ ಹೋಗಿ ನೋಡಿದರೆ ನಮ್ಮ ಬೆಂಗಳೂರಿನ ಡಿಸೆಂಬರಿನ ಮುಂದೆ ಅದು ಚಳಿಯೇ ಅಲ್ಲ. ಎಲ್ಲರೂ ತೆಳ್ಳನೆ ಅಂಗಿಯಲ್ಲಿ ಓಡಾಡುವಾಗ ಇವರೊಬ್ಬರೇ ಮೊಣಕಾಲುದ್ದ ಕರಿ ಕೋಟಿನಲ್ಲಿ. ದಾರಿಯಲ್ಲಿ ಒಬ್ಬ ಮುದುಕ ಇವರನ್ನು ಪಾದ್ರಿ ಎಂದುಕೊಂಡು ಕೈಮುಗಿದ. ಅಲ್ಲಿಯವರ ಕೈಮುಗಿತ ಬಹಳ ನಿಧಾನ, ನೋಡಲು ಹಿತ. ಇವರೂ ಅಷ್ಟೇ ನಿಧಾನವಾಗಿ ಮುಗಿದರು. ಅದನ್ನು ನೋಡಿ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಕೆರೆಯ ಮೇಲಿನ ಕಾಡಿನಲ್ಲಿ ಕೋತಿಗಳಿದ್ದವು. ತಲೆಯ ಮೇಲೆ ಬೈತಲೆ ತೆಗೆದು ಬಾಚಿಕೊಂಡಂಥ ಕೂದಲು. ಒಂದು ಹಿರಿಯ ಕೋತಿ ನಮ್ಮ ಕಲ್ಲುಬೆಂಚಿನ ಪಕ್ಕಕ್ಕೇ ಬಂದು ಕೂತು, ಕಡಲೆಕಾಯಿ ಪೊಟ್ಟಣವನ್ನೇ ನೋಡತೊಡಗಿತು.

"ಮಾಡ್ರೀ ಒಂದ್ಸಲ," ಎಂದೆ.

"ಕಾಗೆ ಹತ್ರ ಆದ ಮರ್ಯಾದೆ ಸಾಲ್ದಾ?"

"ಕೋತಿ ಹೋಗಿ ಫ್ಯಾಕ್ಟರಿಯಲ್ಲಿ ಹೇಳುತ್ತಾ? ಮಾಡ್ರೀ."

ಮಾಡಿದರು. ಬಲಗೈಯಲ್ಲಿ ಬೀಜ, ಎಡಗೈಗೆ ದಾಟಿದಂತೆ, ಎಡ ಮುಷ್ಟಿ ಮುಂದೆ. ಕೋತಿ ತಡಮಾಡದೆ ಆ ಎಡ ಮುಷ್ಟಿಯನ್ನು ಹಿಡಿದು, ಒಂದೊಂದೇ ಬೆರಳು ಬಿಡಿಸಿತು. ಖಾಲಿ! ಅದರ ಮುಖ ನೋಡಬೇಕಿತ್ತು. ಹುಬ್ಬು ಮೇಲೇರಿತು, ಬಾಯಿ ಅರ್ಧ ತೆರೆಯಿತು. ಇವರ ಕೈ ತಿರುಗಿಸಿ ಹಿಂದೆ ನೋಡಿತು, ಬೆರಳ ಸಂದಿ ನೋಡಿತು. ಆಮೇಲೆ ತನ್ನ ಅಂಗೈಯನ್ನೇ ಬಿಡಿಸಿ ನೋಡಿಕೊಂಡಿತು. ಕೊನೆಗೆ ಸಿಟ್ಟು ತಲೆಗೇರಿ, ಹಲ್ಲು ಕಿರಿದು, ಏನೂ ಮಾಡದ ನನ್ನ ಕನ್ನಡಕ ಕಿತ್ತುಕೊಂಡು ಮರ ಹತ್ತಿತು.

ಇಡೀ ಪೊಟ್ಟಣ ಸುರಿದ ಮೇಲೆ ಕನ್ನಡಕ ಕೆಳಗೆ ಬಿತ್ತು. ಇವರು ಅದನ್ನು ಒರೆಸಿಕೊಡುತ್ತ ನಗುತ್ತಿದ್ದರು. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ.

"ಮೋಸ ಹೋಯ್ತು ಕಣೇ! ಪೂರ್ತಿ ಮೋಸ ಹೋಯ್ತು! ಆದ್ರೆ ಕಾಗೆ ಯಾಕೆ ಹೋಗ್ಲಿಲ್ಲ?"

"ಕಾಗೆಗೆ ಕೈ ಇದೆಯೇನ್ರೀ?" ಎಂದೆ. "ಕೈಯಿಂದ ಕೈಗೆ ಕೊಡೋದು ಅಂದ್ರೇನು ಅಂತ ಅದಕ್ಕೇನ್ ಗೊತ್ತು? ಕೋತಿ ದಿನಾ ಅದನ್ನೇ ಮಾಡುತ್ತೆ. ಅದಕ್ಕೇ ನಿಮ್ ಕೈ ನಂಬ್ತು."

ಮೋಸ ಹೋಗಲಿಕ್ಕೂ ಸ್ವಲ್ಪ ನೆಂಟಸ್ತನ ಬೇಕು ಎಂದು ಆಗ ನನಗನ್ನಿಸಿತು. ಇವರು ಒರೆಸಿದ ಕನ್ನಡಕವನ್ನು ನನ್ನ ಕೈಗಿತ್ತರು. ಆಮೇಲೆ ಮೆಲ್ಲನೆ, "ಸರಿ. ಆದ್ರೆ ರಾಜನಿಗೆ ನಮ್ ಮನೆ ಕೈ ಗೊತ್ತಲ್ಲ. ಅವನ್ಯಾಕೆ ನಂಬ್ಲಿಲ್ಲ?" ಎಂದರು.

ಕ್ಯಾಂಡಿ, ಹೊಳೆಯ ದಂಡೆ

ಮರುದಿನ ಆನೆಗಳಿಗೆ ಸ್ನಾನ ಮಾಡಿಸುವ ಜಾಗಕ್ಕೆ ಹೋದೆವು. ತೆಂಗಿನ ಚಿಪ್ಪಿನಿಂದ ಉಜ್ಜಿಸಿಕೊಳ್ಳುತ್ತ ಆನೆಗಳು ನೀರಿನಲ್ಲಿ ಅಡ್ಡ ಮಲಗಿದ್ದವು. ನಮ್ಮ ಹಲಸೂರು ಕೆರೆಯಲ್ಲಿ ಎಮ್ಮೆಗಳಿಗೂ ಇಷ್ಟು ಉಪಚಾರ ನಾನು ನೋಡಿರಲಿಲ್ಲ. ಸ್ನಾನ ಮುಗಿಸಿ ಒಂದು ಹೆಣ್ಣಾನೆ ಮಾವುತನ ಜೊತೆ ದಂಡೆ ಹತ್ತಿ ಬಂತು. ಇವರು ನನಗೆ ಫೋಟೋದ ಭಂಗಿ ತೋರಿಸುತ್ತ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು.

ಆನೆ ನಿಂತಿತು. ಸೊಂಡಿಲು ಇವರ ಭುಜ ಮುಟ್ಟಿ, ಬೆನ್ನಿನ ಮೇಲೆ ಇಳಿದು, ಕೋಟಿನ ಬಾಲದ ಹತ್ತಿರ ತಡೆದು ನಿಂತಿತು. ಬುಸ್ ಎಂದು ಉಸಿರೆಳೆಯಿತು. ಇವರು ಕಲ್ಲಾಗಿ ನಿಂತರು. ಮಾವುತ ಸಿಂಹಳದಲ್ಲಿ ಏನೋ ಗದರಿದ. ಅಷ್ಟರಲ್ಲಿ ಸೊಂಡಿಲ ತುದಿ ಬಾಲದೊಳಗೆ ತೂರಿ, ಶಿವಾಜಿನಗರದ ಖಾದರ್ ಸಾಬರು ಯಾರಿಗೂ ಕಾಣದಂತೆ ಹೊಲಿದ ಆ ಜೇಬನ್ನು ಒಳಗಿನಿಂದ ಹೊರಗೆ ಎಳೆದುಹಾಕಿತು. ಜೇಬಿನಿಂದ ಒಂದಷ್ಟು ಪುಡಿ ಉದುರಿತು.

ಆನೆ ಹೋದ ಮೇಲೆ ಇವರು ಕೋಟು ಬಿಚ್ಚಿ, ಜೇಬನ್ನು ಮೂಗಿನ ಹತ್ತಿರ ಹಿಡಿದರು. "ಸರೋಜಾ, ಮೂಸಿ ನೋಡು."

ಮೂಸಿದೆ. ತುಪ್ಪ. ಏಲಕ್ಕಿ. ಹುರಿದ ರವೆ. ಆ ಕೋಟನ್ನು ಒಗೆಯುವಂತಿರಲಿಲ್ಲ, ಇಸ್ತ್ರಿ ಮಾತ್ರ. ಅಷ್ಟು ವರ್ಷಗಳ ಉಂಡೆಯೆಲ್ಲ ಜೇಬಿನ ಬಟ್ಟೆಯಲ್ಲಿ ಇಳಿದು ಕೂತಿತ್ತು. ಸಮುದ್ರದಾಚೆ, ಸಿಂಹಳದ ಹೊಳೆ ದಂಡೆಯಲ್ಲಿ, ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ವಾಸನೆ ಹೊಡೆಯಿತು. ನನಗೆ ಕಣ್ಣಲ್ಲಿ ನೀರು ಬಂತು.

"ರಾಜ ಕಂಡುಹಿಡಿದಿದ್ದಲ್ಲ ಕಣೇ," ಎಂದರು ಇವರು. "ಅವನು ನನ್ ಕೈ ನೋಡೇ ಇಲ್ಲ. ದಿನಾ ಆಟ ಆದ್ಮೇಲೆ ಅಲ್ಲಿಂದ ಉಂಡೆ ಬರ್ತಿತ್ತು. ಅವತ್ತೂ ಆಟ ಆಯ್ತು, ತನ್ ಪಾಲಿಗೆ ಬಂದ. ಅಷ್ಟೇ. ಪಾಪ, ಅವನನ್ನ ಬೇಲಿ ಆಚೆ ಹಾಕಿದೀನಲ್ಲೇ!"

ಸಿಡುಕು ಎಲ್ಲಿ ಹೋಯಿತೋ. ಹೊಳೆಯಿಂದ ಬಸ್ಸಿನವರೆಗೂ ಇವರು ಚೆಂಡನ್ನು ಬೆರಳಿನಿಂದ ಬೆರಳಿಗೆ ಉರುಳಿಸಿಕೊಂಡೇ ನಡೆದರು.

ಮತ್ತೆ ಕೊಲಂಬೊ, ಹುಣ್ಣಿಮೆ

ಹುಣ್ಣಿಮೆಯ ಬೆಳಗ್ಗೆ ಇವರು ಸೆಲ್ವರಾಜನಿಗೆ, "ಶೋ ನಾನೇ ಮಾಡ್ತೀನಿ," ಎಂದರು. ನನಗೆ, "ಉಂಡೆ ಕಟ್ಟು. ಅಳತೆ ಜ್ಞಾಪಕ ಇದೆಯಾ?" ಎಂದರು. ಅಳತೆ ಮರೆಯುವುದುಂಟೆ! ಕೊಬ್ಬರಿಗೆ ಆ ದೇಶದಲ್ಲಿ ಬರವೇ ಇಲ್ಲ.

ಸಂಜೆ ಸೆಲ್ವರಾಜನ ಅಂಗಳದಲ್ಲಿ ಜನ ಸೇರಿದರು. ಹಲಸೂರು, ಫ್ರೇಜರ್ ಟೌನ್, ಶಿವಾಜಿನಗರದಿಂದ ಹೋಗಿ ಅಲ್ಲಿ ನೆಲೆಸಿದವರು. ಕನ್ನಡ, ತಮಿಳು, ಉರ್ದು ಎಲ್ಲ ಕಲಸಿ ಮಾತನಾಡುವುದನ್ನು ಕೇಳಿದರೆ ಯಾವ ದೇಶದಲ್ಲಿದ್ದೇವೆಂದೇ ಮರೆತುಹೋಗುತ್ತಿತ್ತು. ಸೆಲ್ವರಾಜನ ನಾಯಿ ಟೈಗರನ್ನು ಕಂಬಕ್ಕೆ ಕಟ್ಟಿದ್ದರು. ಇವರು ಹೋಗಿ ಬಿಚ್ಚಿಬಿಟ್ಟರು.

"ಬೇಡ ಗುರು, ಅದು ಶುದ್ಧ ತಿಂಡಿಪೋತ," ಎಂದ ಸೆಲ್ವರಾಜ.

"ಅಂಥವನೇ ಬೇಕು," ಎಂದರು ಇವರು.

ಕರವಸ್ತ್ರಗಳ ಆಟವಾಯಿತು. ಆಮೇಲೆ ಬಿಳಿ ಚೆಂಡು. ಬಲಗೈ, ಎಡಗೈ, ಒಂದು ಊದು. ಮಾಯ! ಆಗ ಟೈಗರ್ ಎದ್ದಿತು. ಮೂಗು ಮೇಲೆತ್ತಿ ಇವರ ಸುತ್ತ ಒಂದು ಸುತ್ತು ಬಂದು, ಹಿಂದೆ ಹೋಗಿ, ಕೋಟಿನ ಬಾಲಕ್ಕೆ ಮೂತಿ ಹಾಕಿತು. ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಇಡೀ ಅಂಗಳ ನಕ್ಕಿತು. ಫ್ಯಾಕ್ಟರಿಯ ಸಭೆಯಲ್ಲಿ ಕೇಳಿದ ಅದೇ ನಗು. ಇವರ ಮುಖ ಪೆಚ್ಚಾಯಿತು. ನಾಯಿಯನ್ನು ತಪ್ಪಿಸಿಕೊಳ್ಳಲು ಕುರ್ಚಿಗಳ ನಡುವೆ ಓಡಿದರು, ನನ್ನ ಪಕ್ಕದಲ್ಲೇ ಹಾದು ಹೋದರು, ನಾಯಿ ಬೆನ್ನು ಬಿಡಲಿಲ್ಲ. ನಾನು ಸೆರಗಿನ ತುದಿ ಹಿಂಡುತ್ತ ಕೂತೆ. ಉಂಡೆ ಜೇಬಿನಲ್ಲಿದೆ ಎಂದು ನನಗೆ ಗೊತ್ತು, ಆದರೆ ಚೆಂಡೂ ಅಲ್ಲೇ ಇದೆಯಲ್ಲ!

"ಬಾಲ್ದಲ್ಲಿದೆ! ಅಂಕಲ್, ಕೋಟ್ ಬಾಲ್ದಲ್ಲಿದೆ!" ಎಂದು ಮಕ್ಕಳು ಕೂಗಿದರು.

ಇವರು ಸೋತವರ ಹಾಗೆ ನಿಂತು, ಕೈ ಹಿಂದೆ ಹಾಕಿ, ಕಳ್ಳಜೇಬನ್ನು ಎಲ್ಲರ ಎದುರಿಗೇ ಹೊರಗೆಳೆದರು. ಬಂದದ್ದು ರವೆ ಉಂಡೆ. ಟೈಗರ್ ಅದನ್ನು ಗಬಕ್ಕನೆ ನುಂಗಿತು. ಜೇಬು ಖಾಲಿ.

"ಟೈಗರ್ ಸರಿಯಾಗೇ ಹೇಳಿದ. ಇವನು ಹುಡುಕಿದ್ದು ಉಂಡೆ. ನೀವು ಹುಡುಕ್ತಿದ್ದಿದ್ದು ಚೆಂಡು," ಎಂದು ಇವರು ನನ್ನ ಕಡೆ ತಿರುಗಿದರು. "ಸರೋಜಾ, ನಿನ್ ಮಡಿಲು ನೋಡ್ಕೋ."

ಮಡಿಲಲ್ಲಿ, ನನ್ನ ಕರವಸ್ತ್ರದ ಕೆಳಗೆ, ಬಿಳಿ ಚೆಂಡು ಕೂತಿತ್ತು. ಇವರ ಒಂದೊಂದು ಆಟದ ಒಳಗುಟ್ಟೂ ಗೊತ್ತಿದ್ದ ನಾನು ಅವತ್ತು ಎಲ್ಲರಂತೆ ನಾಯಿಯ ಮೂಗನ್ನೇ ನೋಡುತ್ತ ಕೂತಿದ್ದೆ! ಮದುವೆಯಾದಂದಿನಿಂದ ಮೊದಲ ಸಲ ನಾನೂ ಮೋಸ ಹೋದೆ, ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಚಪ್ಪಾಳೆ ನಿಲ್ಲುವ ಹೊತ್ತಿಗೆ ಸೆಲ್ವರಾಜ ಕೋಟಿನ ಭುಜ ಸವರಿ, "ಇದು ನನಗೆ ಟೈಟು ಮಗಾ. ನೀನೇ ತಗೊಂಡ್ಹೋಗು," ಎಂದ.

ಕೃಷ್ಣರಾಜಪುರ

ವಾಪಸು ಬರುವಾಗ ರಾಮೇಶ್ವರದ ಕಟ್ಟೆಯಲ್ಲಿ ಅದೇ ಅಧಿಕಾರಿ. ಪೆಟ್ಟಿಗೆ ಹಿಂದಿರುಗಿಸಿದ. ಹೋಗುವಾಗಿನ ಅನುಮಾನ ಇನ್ನೂ ಸ್ವಲ್ಪ ಉಳಿದಿತ್ತೇನೋ, ಕೋಟು ತಡವಿ ನೋಡಿ, ಕಳ್ಳಜೇಬಿನಿಂದ ಕಾಗದದಲ್ಲಿ ಸುತ್ತಿದ ಉಂಡೆಯೊಂದನ್ನು ತೆಗೆದ. ಇದೇನೆಂದು ಕೇಳಿದ.

"ನಮ್ ನಾಯಿಗೆ ಕೊಡ್ಬೇಕಾದ್ದು ಬಾಕಿ ಇದೆ," ಎಂದರು ಇವರು. ಅವನು ಉಂಡೆಯನ್ನು ಬಹಳ ಮರ್ಯಾದೆಯಿಂದ ಮತ್ತೆ ಜೇಬಿನಲ್ಲೇ ಇಟ್ಟ.

ಮದರಾಸಿನಿಂದ ಬೆಳಗಿನ ಹೊತ್ತು ರೈಲು ಮತ್ತೆ ನಮ್ಮ ಕ್ವಾರ್ಟರ್ಸಿನ ಮುಂದೆಯೇ ಹಾದು, ನಮ್ಮನ್ನು ಕಂಟೋನ್ಮೆಂಟಿನಲ್ಲಿ ಇಳಿಸಿತು. ಅಲ್ಲಿಂದ ಬಸ್ಸಿನಲ್ಲಿ, ರೈಲು ಬಂದ ದಾರಿಯನ್ನೇ ಹಿಂದಕ್ಕೆ ಬಂದೆವು. ಕೋಟು ಇವರ ಮೈಮೇಲೆಯೇ ಇತ್ತು. ಬೇಲಿಯ ಹತ್ತಿರ ರಾಜ ಎದ್ದು ನಿಂತ, ಆದರೆ ಹತ್ತಿರ ಬರಲಿಲ್ಲ. ಬಂದರೆ ಗದರುತ್ತಾರೆಂದು ಕಲಿತಿದ್ದ. ಬಾಲ ಮಾತ್ರ ನೆಲದ ಹತ್ತಿರ ಸಣ್ಣಗೆ ಆಡುತ್ತಿತ್ತು.

ಇವರು ಪೆಟ್ಟಿಗೆ ಕೆಳಗಿಟ್ಟು, ಮಣ್ಣಿನ ದಾರಿಯ ಮಧ್ಯದಲ್ಲೇ ನಿಂತು, ಬಿಳಿ ಚೆಂಡು ತೆಗೆದರು. ಬಲಗೈ, ಎಡಗೈ, ಒಂದು ಊದು. ರಾಜ ಕೈಗಳ ಕಡೆ ನೋಡಲೇ ಇಲ್ಲ. ಇವರ ಮುಖವನ್ನು ನೋಡುತ್ತಿದ್ದ.

"ಬಾರೋ," ಎಂದರು ಇವರು.

ಅವನು ಬೇಲಿ ನುಸುಳಿ, ಓಡಿ ಬಂದು, ಹಿಂದೆ ಹೋಗಿ, ಕೋಟಿನ ಬಾಲಕ್ಕೆ ಮೂತಿ ತೂರಿಸಿದ. ಉಂಡೆ ಅಷ್ಟು ದಿನಕ್ಕೆ ಕಲ್ಲಿನಂತಾಗಿತ್ತು. ಕಟಕಟ ಸದ್ದು ಮಾಡುತ್ತ ತಿಂದ.

ಸೈಕಲ್ಲಿನಲ್ಲಿ ಪಾಳಿಗೆ ಹೊರಟಿದ್ದ ಕ್ಲಬ್ಬಿನ ಕಾರ್ಯದರ್ಶಿ ಇದನ್ನೆಲ್ಲ ನೋಡುತ್ತ ಒಂದು ಕಾಲೂರಿ ನಿಂತಿದ್ದರು. "ಏನ್ ರಾಯರೇ, ವಾರ್ಷಿಕೋತ್ಸವಕ್ಕೆ ನಿಮ್ ಹೆಸರು ಬರ್ಕೊಳ್ಳೋದಾ, ಬೇಡ್ವಾ?"

"ಬರ್ಕೊಳ್ಳಿ," ಎಂದರು ಇವರು, ರಾಜನ ಕಿವಿಯ ಹಿಂದೆ ಕೆರೆಯುತ್ತ. "ಆದ್ರೆ ಎರಡು ಹೆಸರು ಬರ್ಕೊಳ್ಳಿ."

ನಾನು ಬೀಗ ತೆಗೆದು ಒಳಗೆ ಹೋಗಿ, ಸೀರೆ ಕೂಡ ಬದಲಾಯಿಸದೆ, ಒಲೆಯ ಮೇಲೆ ಬಾಣಲೆ ಇಟ್ಟು ರವೆ ಹುರಿಯತೊಡಗಿದೆ.